ಯುದ್ಧಕಾಲದ ಶೌರ್ಯಪದಕದ ಪೆಟ್ಟಿಗೆ ಅಸಲಿಯೇ? ಪರೀಕ್ಷಿಸುವ ಕ್ರಮ

ಪದಕವನ್ನು ಹತ್ತು ಸಲ ತಿರುಗಿಸಿ ನೋಡುವವರೂ ಅದರ ಪೆಟ್ಟಿಗೆಯನ್ನು ಒಮ್ಮೆ ತೆರೆದು ಮುಚ್ಚಿ ಬದಿಗಿಡುತ್ತಾರೆ. ಬ್ರಿಟಿಷ್ ಕಾಲದ ಪದಕಗಳ ವಿಷಯದಲ್ಲಿ ಈ ಉದಾಸೀನ ದುಬಾರಿಯಾಗುತ್ತದೆ. ಎರಡೂ ಮಹಾಯುದ್ಧಗಳಲ್ಲಿ ಕೊಟ್ಟ ಮಿಲಿಟರಿ ಕ್ರಾಸ್ (ಎಂ.ಸಿ.), ಡಿಸ್ಟಿಂಗ್ವಿಶ್ಡ್ ಸರ್ವಿಸ್ ಆರ್ಡರ್ (ಡಿ.ಎಸ್.ಒ.), ಆರ್ಡರ್ ಆಫ್ ದಿ ಬ್ರಿಟಿಷ್ ಎಂಪೈರ್ (ಓ.ಬಿ.ಇ.) ಮೊದಲಾದವುಗಳ ಮೇಲೆ ಪಡೆದವರ ಹೆಸರನ್ನು ಸರ್ಕಾರ ಕೆತ್ತಿಸುತ್ತಿರಲಿಲ್ಲ. ಹೆಸರಿಲ್ಲದ ಪದಕಕ್ಕೂ ಒಬ್ಬ ವ್ಯಕ್ತಿಗೂ ನಂಟು ಹೇಳುವುದು ಪೆಟ್ಟಿಗೆ ಮತ್ತು ಅದರ ಜೊತೆಗಿನ ಕಾಗದ ಮಾತ್ರ. ಮೋಸ ಹೆಚ್ಚು ನಡೆಯುವುದೂ ಅಲ್ಲೇ.

ಮೊದಲೇ ಹೇಳಿಬಿಡಬೇಕಾದ ಮಾತು: ಪೂರ್ತಿ ನಕಲಿ ಪೆಟ್ಟಿಗೆಗಿಂತ ಹೆಚ್ಚಾಗಿ ಸಿಗುವುದು ಜೋಡಿಸಿದ ಪೆಟ್ಟಿಗೆ. ಪೆಟ್ಟಿಗೆಯೂ ಅಸಲಿ, ಪದಕವೂ ಅಸಲಿ, ಆದರೆ ಎರಡೂ ಬೇರೆ ಬೇರೆ ಮನೆಯವು. ಆದ್ದರಿಂದ ‘ಇದು ಹಳೆಯದೇ?’ ಎಂಬ ಪ್ರಶ್ನೆಯೊಂದೇ ಸಾಲದು. ಪೆಟ್ಟಿಗೆ ಯಾವ ಕಾಲದ್ದು, ಪದಕ ಯಾವ ಕಾಲದ್ದು, ಇವೆರಡೂ ಒಟ್ಟಿಗೆ ಬಾಳಿದ ಗುರುತು ಇದೆಯೇ ಎಂಬ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು.

ಬೇಕಾದ ಸಲಕರಣೆ

ಚಿನಿವಾರರು ಬಳಸುವ ಹತ್ತುಪಟ್ಟಿನ ಲೂಪ್ (ಕಣ್ಣಿಗೆ ಹಿಡಿಯುವ ಸಣ್ಣ ಭೂತಗನ್ನಡಿ), 365 ನ್ಯಾನೊಮೀಟರಿನ ಯುವಿ (ಅತಿನೇರಳೆ) ಟಾರ್ಚ್, ಒಂದು ಸಾಧಾರಣ ಟಾರ್ಚ್, ವರ್ನಿಯರ್ ಕ್ಯಾಲಿಪರ್, ಬಿಳಿ ಕಾಗದ, ಒಣ ಹತ್ತಿ, ನೈಟ್ರೈಲ್ ಕೈಗವಸು. ಯುವಿ ಟಾರ್ಚ್ ಕೊಳ್ಳುವಾಗ 395 ನ್ಯಾನೊಮೀಟರಿನ ಅಗ್ಗದ್ದನ್ನು ತರಬೇಡಿ. ಅದರ ನೇರಳೆ ಬೆಳಕೇ ಬಟ್ಟೆಯ ಮೇಲೆಲ್ಲ ಹರಡಿ, ಹೊಳೆಯುತ್ತಿರುವುದು ಬಟ್ಟೆಯೋ ಟಾರ್ಚೋ ತಿಳಿಯದೆ ಹೋಗುತ್ತದೆ.

ಈ ಪದಕಕ್ಕೆ ಪೆಟ್ಟಿಗೆ ಇತ್ತೇ?

ಕೈಯಲ್ಲಿ ಲೂಪ್ ಹಿಡಿಯುವ ಮೊದಲೇ ಕೇಳಬೇಕಾದ ಪ್ರಶ್ನೆ ಇದು. ಮಖಮಲ್ಲಿನ ಹಾಸು, ಸ್ಯಾಟಿನ್ ಒಳಪದರ, ಚಿನ್ನದಕ್ಷರದ ಮುಚ್ಚಳ ಇರುವ ಪೆಟ್ಟಿಗೆಗಳು ಸಂದದ್ದು ಮುಖ್ಯವಾಗಿ ಡಿ.ಎಸ್.ಒ., ಎಂ.ಸಿ., ವಾಯುಪಡೆಯ ಡಿ.ಎಫ್.ಸಿ.ಯಂಥ (ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್) ಶಿಲುಬೆಯಾಕಾರದ ಪದಕಗಳಿಗೆ ಮತ್ತು ಓ.ಬಿ.ಇ., ಎಂ.ಬಿ.ಇ.ಯಂಥ ಗೌರವಗಳಿಗೆ.

ಯುದ್ಧದಲ್ಲಿ ಸೇವೆ ಮಾಡಿದ ಎಲ್ಲರಿಗೂ ಬಂದ ಪದಕಗಳ ಕಥೆ ಬೇರೆ. ಮೊದಲನೇ ಯುದ್ಧದ ಬ್ರಿಟಿಷ್ ವಾರ್ ಮೆಡಲ್, ವಿಕ್ಟರಿ ಮೆಡಲ್, ಎರಡನೇ ಯುದ್ಧದ 1939–45 ಸ್ಟಾರ್, ಬರ್ಮಾ ಸ್ಟಾರ್ ಮುಂತಾದವು ಮನೆಗೆ ಬಂದದ್ದು ಅಂಚೆಯಲ್ಲಿ, ಸಣ್ಣ ರಟ್ಟಿನ ಡಬ್ಬಿಯಲ್ಲಿ. ಬರ್ಮಾ ಸ್ಟಾರ್ ಮಖಮಲ್ಲಿನ ಪೆಟ್ಟಿಗೆಯಲ್ಲಿ ಕೂತಿದ್ದರೆ ಅದನ್ನು ನಂತರ ಯಾರೋ ಕೂರಿಸಿದ್ದಾರೆ. ಮನೆಯವರು ಪ್ರೀತಿಯಿಂದ ಮಾಡಿಸಿದ್ದಿರಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ‘ಸರ್ಕಾರ ಕೊಟ್ಟ ಮೂಲ ಪೆಟ್ಟಿಗೆ’ ಎಂದು ಬೆಲೆ ಏರಿಸಿದರೆ ಅಲ್ಲಿಗೇ ಮಾತು ನಿಲ್ಲಿಸಬಹುದು. ಮೊದಲನೇ ಯುದ್ಧದ ಮಿಲಿಟರಿ ಮೆಡಲ್‌ಗೆ ಅದ್ಧೂರಿ ಪೆಟ್ಟಿಗೆ ಕಂಡರೂ ಇದೇ ಅನುಮಾನ ಸರಿ.

ಹಾಗಾಗಿ ಅಜ್ಜನ ಹಳೆಯ ಟ್ರಂಕಿನಲ್ಲಿ ಸಿಕ್ಕಿದ, ಮೂಲೆ ಹರಿದ, ಮಾಸಿದ ರಟ್ಟಿನ ಡಬ್ಬಿಯನ್ನು ಎಸೆಯಬೇಡಿ. ಕೊಡಗಿನಂಥ ಕಡೆ ಸೇನೆಗೆ ಹೋದವರ ಮನೆಗಳಲ್ಲಿ ಇಂಥ ಡಬ್ಬಿಗಳು ಇನ್ನೂ ಇರಬಹುದು. ಮೇಲೆ ಹೆಸರು, ವಿಳಾಸ ಇರುವ ಒಂದು ರಟ್ಟಿನ ಡಬ್ಬಿ ಸಾಕ್ಷಿಯಾಗಿ ಹೊಸ ಮಖಮಲ್ಲಿನ ಪೆಟ್ಟಿಗೆಗಿಂತ ಎಷ್ಟೋ ಮೇಲು.

ಹೊರಮೈ

ಪದಕವನ್ನು ಹೊರತೆಗೆದು ಬೇರೆ ಇಡಿ. ಪೆಟ್ಟಿಗೆಯನ್ನು ಮಾತ್ರ ಬಿಳಿ ಕಾಗದದ ಮೇಲಿಟ್ಟು, ಟಾರ್ಚನ್ನು ಮೇಜಿನ ಮಟ್ಟಕ್ಕೆ ತಗ್ಗಿಸಿ ಪಕ್ಕದಿಂದ ಬೆಳಕು ಹಾಯಿಸಿ. ಮೇಲಿನಿಂದ ಬೀಳುವ ಬೆಳಕಿನಲ್ಲಿ ಕಾಣದ ಉಬ್ಬುತಗ್ಗುಗಳು ಆಗ ಎದ್ದು ಕಾಣುತ್ತವೆ.

ಆ ಕಾಲದ ಹೆಚ್ಚಿನ ಪೆಟ್ಟಿಗೆಗಳ ಹೊದಿಕೆ ನಿಜವಾದ ಚರ್ಮವಲ್ಲ. ಚರ್ಮದ ಗೆರೆ ಒತ್ತಿದ ಕಾಗದ ಅಥವಾ ರೆಕ್ಸಿನ್. ಆಗಿನ ರೆಕ್ಸಿನ್ ಎಂದರೆ ಹತ್ತಿ ಬಟ್ಟೆಯ ಮೇಲೆ ನೈಟ್ರೊಸೆಲ್ಯುಲೋಸ್ ಲೇಪ. ವಯಸ್ಸಾದಂತೆ ಅದು ಗಡುಸಾಗಿ, ಮಡಿಕೆ ಬೀಳುವ ಬೆನ್ನಿನಲ್ಲಿ ಸಣ್ಣ ಬಿರುಕು ಬಿಡುತ್ತದೆ, ಚಕ್ಕೆ ಏಳುತ್ತದೆ. ಚಕ್ಕೆ ಎದ್ದ ಜಾಗಕ್ಕೆ ಲೂಪ್ ಹಿಡಿದರೆ ಹತ್ತಿಯ ಹಾಸುಹೊಕ್ಕು, ಇಲ್ಲವೇ ಕಾಗದದ ನಾರು ಕಾಣಬೇಕು. ಯುದ್ಧದ ನಂತರ ಹರಡಿದ ಪಿವಿಸಿ ಹೊದಿಕೆ ಹೀಗೆ ವರ್ತಿಸುವುದಿಲ್ಲ. ಅದು ಬೆರಳಿಗೆ ಮೆತ್ತಗೆ ಒತ್ತಿಕೊಳ್ಳುತ್ತದೆ, ಹಳತಾದರೆ ಜಿಗುಟಾಗುತ್ತದೆ, ಮುಚ್ಚಿಟ್ಟು ತೆರೆದಾಗ ಪ್ಲಾಸ್ಟಿಕ್ಕಿನ ವಾಸನೆ ಬರುತ್ತದೆ.

ಸವೆತ ಎಲ್ಲಿದೆ ಎಂಬುದು ಎಷ್ಟಿದೆ ಎಂಬುದಕ್ಕಿಂತ ಮುಖ್ಯ. ಪೆಟ್ಟಿಗೆಯೊಂದು ಕಪಾಟಿನಲ್ಲಿ ಎಂಬತ್ತು ವರ್ಷ ಬಾಳಿದರೆ ತಳದ ನಾಲ್ಕು ಮೂಲೆ, ಹೆಬ್ಬೆರಳು ತಾಗುವ ಮುಂದಿನ ತುಟಿ, ಕೀಲಿನ ಬೆನ್ನು, ಇಷ್ಟು ಕಡೆ ಸವೆಯುತ್ತದೆ. ಮುಚ್ಚಳದ ನಡುಮಧ್ಯೆ ಸುಮ್ಮನೆ ಸವೆಯುವುದಿಲ್ಲ. ಎಲ್ಲ ಅಂಚೂ ಒಂದೇ ಹದದಲ್ಲಿ ಸವೆದಿದ್ದು, ಲೂಪಿನಲ್ಲಿ ಒಂದೇ ದಿಕ್ಕಿನ ಸಮಾನಾಂತರ ಗೀರುಗಳು ಕಂಡರೆ ಅದು ಸ್ಯಾಂಡ್‌ಪೇಪರಿನ ಕೆಲಸ. ಹೊಸದನ್ನು ಮಾಸಿದಂತೆ ಕಾಣಿಸಲು ಬೂಟ್ ಪಾಲಿಶ್ ಬಳಿಯುವುದೂ ಉಂಟು. ಒಣ ಹತ್ತಿಯಿಂದ ತಳದ ಒಂದು ಮೂಲೆಯನ್ನು ಮೆಲ್ಲಗೆ ಒತ್ತಿ ತೆಗೆಯಿರಿ. ಹತ್ತಿಗೆ ಧೂಳಿನ ಬೂದು ಬಣ್ಣ ಹತ್ತಿದರೆ ಸಹಜ. ಕಂದು ಅಥವಾ ಕಪ್ಪು ಮೇಣ ಹತ್ತಿದರೆ ಬಳಿದದ್ದು. ಅಸಲಿ ಪೆಟ್ಟಿಗೆಗೂ ಮನೆಯವರು ಪಾಲಿಶ್ ಹಚ್ಚಿರಬಹುದಾದ್ದರಿಂದ ಇದೊಂದರ ಮೇಲೆ ತೀರ್ಪು ಬೇಡ.

ಕೀಲು ಮತ್ತು ಗುಂಡಿಯ ಬಳಿ ನಿಧಾನಿಸಿ. ಹಿತ್ತಾಳೆಯ ಕೀಲಾದರೆ ಅದರ ಕಿಲುಬು, ಕಬ್ಬಿಣದ ಕಡ್ಡಿಯಾದರೆ ತುಕ್ಕು ಪಕ್ಕದ ಬಟ್ಟೆಗೆ ಇಳಿದಿರಬೇಕು. ಮಲೆನಾಡು, ಕರಾವಳಿಯ ತೇವದಲ್ಲಿ ದಶಕಗಟ್ಟಲೆ ಇದ್ದ ಪೆಟ್ಟಿಗೆಯಲ್ಲಿ ಲೋಹ ತುಕ್ಕು ಹಿಡಿದು, ಅದಕ್ಕೆ ತಾಗಿದ ಸ್ಯಾಟಿನ್ ಮಾತ್ರ ಹಾಲಿನಂತೆ ಬೆಳ್ಳಗಿದ್ದರೆ ಎರಡರಲ್ಲೊಂದು ಹೊಸದು. ಕೀಲಿನ ಮೊಳೆಗಳ ಸುತ್ತ ಎರಡನೇ ತೂತಿನ ಗುರುತಿದ್ದರೆ ಕೀಲು ಬದಲಾಗಿದೆ.

ಒಳಗು

ಮುಚ್ಚಳದ ಒಳಪದರ ರೇಷ್ಮೆ ಅಥವಾ ರೇಯಾನ್ ಸ್ಯಾಟಿನ್ ಆಗಿರುವುದು ಆ ಕಾಲಕ್ಕೆ ಸಹಜ. ಪಾಲಿಯೆಸ್ಟರನ್ನು ಬ್ರಿಟನ್ನಿನಲ್ಲಿ ಕಂಡುಹಿಡಿದದ್ದು 1941ರಲ್ಲಿ. ಅಂಗಡಿಗೆ ಬಟ್ಟೆಯಾಗಿ ಬಂದದ್ದು 1950ರ ದಶಕದಲ್ಲಿ. ಪಾಲಿಯೆಸ್ಟರ್ ಸ್ಯಾಟಿನ್ ಎಷ್ಟು ವರ್ಷವಾದರೂ ನೀರಸವಾದ ಒಂದೇ ಹೊಳಪು ಉಳಿಸಿಕೊಳ್ಳುತ್ತದೆ, ಮಡಿಕೆಯಲ್ಲಿ ಸೀಳುವುದಿಲ್ಲ. ಹಳೆಯ ರೇಷ್ಮೆ ಅಂಚಿನಲ್ಲಿ ಎಳೆಎಳೆಯಾಗಿ ಬಿಡುತ್ತದೆ.

ಈಗ ಕೋಣೆ ಕತ್ತಲು ಮಾಡಿ ಯುವಿ ಟಾರ್ಚ್ ಹಾಕಿ. ಬಟ್ಟೆ, ಕಾಗದ, ದಾರಗಳನ್ನು ಬೆಳ್ಳಗೆ ತೋರಿಸುವ ರಾಸಾಯನಿಕಗಳು ಸಾಮಾನ್ಯ ಬಳಕೆಗೆ ಬಂದದ್ದು ಯುದ್ಧ ಮುಗಿದ ಮೇಲೆ, 1950ರ ದಶಕದ ಹೊತ್ತಿಗೆ. ಅವು ಯುವಿ ಬೆಳಕಿನಲ್ಲಿ ಕಣ್ಣು ಕುಕ್ಕುವ ನೀಲಿಬಿಳುಪಾಗಿ ಹೊಳೆಯುತ್ತವೆ. ಸ್ಯಾಟಿನ್ ಇಡಿಯಾಗಿ ಹೀಗೆ ಹೊಳೆದರೆ ಅದು ಯುದ್ಧಕಾಲದ್ದಲ್ಲ ಎನ್ನಲು ಬಲವಾದ ಕಾರಣ ಸಿಕ್ಕಿತು. ಆದರೆ ಮೂರು ಎಚ್ಚರಿಕೆ. ಯಾರಾದರೂ ಸೋಪಿನ ಪುಡಿ ಹಾಕಿ ಒರೆಸಿದ್ದರೆ ಅಸಲಿ ಬಟ್ಟೆಯೂ ತೇಪೆತೇಪೆಯಾಗಿ ಹೊಳೆಯುತ್ತದೆ. ಹಳೆಯ ಪ್ರಾಣಿಜನ್ಯ ಅಂಟೂ ಮಂಕಾದ ನೀಲಿಬಿಳುಪು ತೋರಿಸುತ್ತದೆ. ಅಂಚಿನುದ್ದಕ್ಕೆ ಅಂಥ ಗೆರೆ ಕಂಡು ನಕಲಿ ಎನ್ನಬೇಡಿ. ಮೂರನೆಯದು, ಹೊಳೆಯದೇ ಇರುವುದು ಅಸಲಿತನದ ಪುರಾವೆ ಅಲ್ಲ. ಬಿಳುಪುಕಾರಕ ಇಲ್ಲದ ಬಟ್ಟೆ ಇಂದಿಗೂ ಸಿಗುತ್ತದೆ, ಅದನ್ನು ಹುಡುಕಿ ಬಳಸುವ ನಕಲಿಗಾರರೂ ಇದ್ದಾರೆ.

ಅಂಟನ್ನು ಹರಿದ ಮೂಲೆಯಿದ್ದರೆ ಮಾತ್ರ ನೋಡಿ, ನೀವಾಗಿ ಎಬ್ಬಿಸಬೇಡಿ. ಹಳೆಯ ಅಂಟು ಕಂದು ಬಣ್ಣಕ್ಕೆ ತಿರುಗಿ ಗಾಜಿನ ಚೂರಿನಂತೆ ಉದುರುತ್ತದೆ. ಬಿಳಿ ಫೆವಿಕಾಲ್ ಜಾತಿಯದು ಒಣಗಿದ ಮೇಲೆ ರಬ್ಬರಿನ ಪೊರೆಯಂತಿರುತ್ತದೆ. ಬಿಸಿ ಗನ್ನಿನ ಅಂಟು ಜೇಡರ ಬಲೆಯಂಥ ಎಳೆ ಬಿಟ್ಟಿರುತ್ತದೆ. ಹಾಸಿನ ಕೆಳಗೆ ಸ್ಪಂಜ್ ಇದ್ದರೆ, ಅಥವಾ ಪದಕ ಕೂರುವ ಗುಳಿ ಇರುವ ತಟ್ಟೆ ಅಚ್ಚಿನ ಪ್ಲಾಸ್ಟಿಕ್ ಆಗಿದ್ದರೆ, ಮುಂದಿನ ಪರೀಕ್ಷೆ ಬೇಕಿಲ್ಲ. ತೆಳು ಮರ, ಒತ್ತಿದ ರಟ್ಟು, ಅದರ ಮೇಲೆ ಬಟ್ಟೆ: ಇದು ಆ ಕಾಲದ ಕಟ್ಟೋಣ.

ಇನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಮಖಮಲ್ಲಿನ ಹಾಸು. ಶಿಲುಬೆಯಾಕಾರದ ಬೆಳ್ಳಿಯ ಪದಕ ಒಂದೇ ಭಂಗಿಯಲ್ಲಿ ದಶಕಗಟ್ಟಲೆ ಕೂತರೆ ತನ್ನ ನೆರಳನ್ನು ಬಟ್ಟೆಯಲ್ಲಿ ಬಿಡುತ್ತದೆ. ನಾಲ್ಕು ತೋಳಿನ ತುದಿ ಒತ್ತಿದ ಕಡೆ ಮಖಮಲ್ಲಿನ ಕೂದಲು ಬಾಗಿ ಹೊಳಪು ಸತ್ತಿರುತ್ತದೆ. ಪದಕ ಮುಚ್ಚಿದ ಭಾಗ ಮೂಲ ಬಣ್ಣದಲ್ಲೇ ಉಳಿದು ಸುತ್ತಲಿನದು ಮಾಸಿರುತ್ತದೆ. ರಿಬ್ಬನ್ ಮಲಗಿದ್ದ ಕಡೆ ಸುಮಾರು 32 ಮಿ.ಮೀ. ಅಗಲದ ಒಂದು ಪಟ್ಟಿ. ರಿಬ್ಬನ್ ಮೇಲಿನ ಪಿನ್ನು ಚುಚ್ಚಿದ ಅಥವಾ ತಾಗಿದ ಜಾಗದಲ್ಲಿ ಒಂದು ಚುಕ್ಕೆ ತುಕ್ಕು. ಮುಚ್ಚಳ ಮುಚ್ಚಿದಾಗ ಪದಕದ ಎತ್ತರದ ಭಾಗ ಸ್ಯಾಟಿನ್ನಿಗೆ ತಾಗುತ್ತಿದ್ದರೆ, ಅಲ್ಲಿಯೂ ಅದಕ್ಕೆ ಎದುರಾಗಿ ಕನ್ನಡಿಬಿಂಬದಂಥ ಕಂದು ಕಲೆ. ಕೆಳಗಿನ ಕಲೆಗೂ ಮೇಲಿನ ಕಲೆಗೂ ಅಳತೆ ಹೊಂದಬೇಕು. ಕ್ಯಾಲಿಪರಿನಲ್ಲಿ ಎರಡನ್ನೂ ಅಳೆಯಿರಿ. ಚಹಾ ಡಿಕಾಕ್ಷನ್ ಬಳಿದು ಹಳತು ಮಾಡಿದ ಬಟ್ಟೆಯಲ್ಲಿ ಈ ಲೆಕ್ಕ ಕೂಡುವುದಿಲ್ಲ. ಚಹಾ ಪದಕದ ಕೆಳಗೂ, ಮಡಿಕೆಯ ಒಳಗೂ ಒಂದೇ ಸಮ ಹೋಗಿರುತ್ತದೆ, ಒಣಗಿದಲ್ಲಿ ಕಡು ಅಂಚಿನ ಗೆರೆ ಕಟ್ಟಿರುತ್ತದೆ. ಬಿಸಿಲು, ಧೂಳು, ಗಾಳಿ ಮಡಿಕೆಯೊಳಗೆ ನುಗ್ಗುವುದಿಲ್ಲ.

ಅಕ್ಷರ ಮತ್ತು ವಿಳಾಸ

ಮುಚ್ಚಳದ ಒಳಗಿನ ಸ್ಯಾಟಿನ್ ಮೇಲೆ ತಯಾರಕರ ಹೆಸರು ಇದ್ದರೆ ಲೂಪ್ ಹಿಡಿಯಿರಿ. ಬಿಸಿ ಅಚ್ಚಿನಿಂದ ಒತ್ತಿದ ಅಕ್ಷರ ಎಳೆಗಳನ್ನು ಕೆಳಗೆ ತುಳಿದು ಕೂತಿರುತ್ತದೆ, ಪಕ್ಕದ ಬೆಳಕಿನಲ್ಲಿ ತಗ್ಗು ಕಾಣುತ್ತದೆ. ಸ್ಕ್ರೀನ್ ಪ್ರಿಂಟ್ ಎಳೆಗಳ ಮೇಲೆ ಬಣ್ಣದ ಪೊರೆಯಾಗಿ ನಿಂತಿರುತ್ತದೆ. ಇಂಕ್‌ಜೆಟ್ ಆದರೆ ಚುಕ್ಕೆಚುಕ್ಕೆ.

ವಿಳಾಸ ಓದುವುದು ಅತಿ ಸುಲಭವಾದ, ಅತಿ ಕಡಿಮೆ ಜನ ಮಾಡುವ ಪರೀಕ್ಷೆ. ಡಿ.ಎಸ್.ಒ., ಓ.ಬಿ.ಇ. ಪೆಟ್ಟಿಗೆಗಳಲ್ಲಿ ಲಂಡನ್ನಿನ ಆಭರಣ ತಯಾರಕರಾದ ಗ್ಯಾರಾರ್ಡ್ ಸಂಸ್ಥೆಯ ಹೆಸರು ಹೆಚ್ಚಾಗಿ ಸಿಗುತ್ತದೆ. 1911ರಿಂದ 1952ರವರೆಗೆ ಗ್ಯಾರಾರ್ಡ್ ಇದ್ದದ್ದು ಆಲ್ಬೆಮಾರ್ಲ್ ಸ್ಟ್ರೀಟಿನಲ್ಲಿ. 1952ರಲ್ಲಿ ಅದು ಗೋಲ್ಡ್‌ಸ್ಮಿತ್ಸ್ ಅಂಡ್ ಸಿಲ್ವರ್‌ಸ್ಮಿತ್ಸ್ ಕಂಪನಿಯೊಂದಿಗೆ ಸೇರಿ, ಆ ಕಂಪನಿಯ 112, ರೀಜೆಂಟ್ ಸ್ಟ್ರೀಟ್ ವಿಳಾಸಕ್ಕೆ ಹೋಯಿತು. ಆದ್ದರಿಂದ ಗ್ಯಾರಾರ್ಡ್ ಹೆಸರಿನ ಜೊತೆ 112, ರೀಜೆಂಟ್ ಸ್ಟ್ರೀಟ್ ಎಂದಿದ್ದರೆ ಪೆಟ್ಟಿಗೆ 1952ರ ನಂತರದ್ದು. ಅದೇ ವಿಳಾಸ ಗೋಲ್ಡ್‌ಸ್ಮಿತ್ಸ್ ಕಂಪನಿಯ ಹೆಸರಿನಲ್ಲಿದ್ದರೆ ಯುದ್ಧಕಾಲದ್ದಾಗಿರಲು ಅಡ್ಡಿಯಿಲ್ಲ. ಇನ್ನೊಂದು ತಿರುವೂ ಇದೆ: 2000ದ ನಂತರ ಗ್ಯಾರಾರ್ಡ್ ಮತ್ತೆ ಆಲ್ಬೆಮಾರ್ಲ್ ಸ್ಟ್ರೀಟಿಗೇ ಮರಳಿತು. ಹಾಗಾಗಿ ಆ ಬೀದಿಯ ಹೆಸರೊಂದೇ ಹಳತನದ ಪುರಾವೆಯಲ್ಲ. ಬಟ್ಟೆ, ಅಂಟು, ಅಚ್ಚಿನ ಜೊತೆ ಸೇರಿಸಿ ಓದಬೇಕು.

ಎರಡನೇ ಯುದ್ಧದ ಎಷ್ಟೋ ಪೆಟ್ಟಿಗೆಗಳು ಬ್ರಿಟನ್ನಿನ ಟಂಕಸಾಲೆಯಾದ ರಾಯಲ್ ಮಿಂಟ್‌ನವು. ಗ್ಯಾರಾರ್ಡ್ ಹೆಸರಿಲ್ಲ ಎಂದು ತಳ್ಳಿಹಾಕಬೇಡಿ. ಆದರೆ ಮಿಂಟ್ ಲಂಡನ್ನಿನ ಟವರ್ ಹಿಲ್‌ನಿಂದ ವೇಲ್ಸ್‌ನ ಲಾಂಟ್ರಿಸೆಂಟ್‌ಗೆ ಹೋಗತೊಡಗಿದ್ದು 1968ರಲ್ಲಿ. ಪೆಟ್ಟಿಗೆಯ ಮೇಲೋ ಜೊತೆಯ ಚೀಟಿಯ ಮೇಲೋ ಲಾಂಟ್ರಿಸೆಂಟ್ ಎಂದಿದ್ದರೆ ಅದು ಯುದ್ಧಕಾಲದ್ದಲ್ಲ.

ನಂತರದ ಪೆಟ್ಟಿಗೆ ಎಂದ ಮಾತ್ರಕ್ಕೆ ಪದಕ ನಕಲಿ ಎಂದಲ್ಲ. ಕಳೆದುಹೋದ ಪದಕಕ್ಕೆ ಬದಲಿ ಕೊಟ್ಟಿರಬಹುದು, ಹಾಳಾದ ಪೆಟ್ಟಿಗೆಗೆ ಮನೆಯವರು ಬೇರೆ ತಂದಿರಬಹುದು. ಬೆಲೆ ಮಾತ್ರ ಅದಕ್ಕೆ ತಕ್ಕಂತೆ ಇಳಿಯಬೇಕು.

ಪದಕ ಮತ್ತು ಪೆಟ್ಟಿಗೆ ಹೊಂದುತ್ತವೆಯೇ?

ಈಗ ಪದಕವನ್ನು ಕೈಗೆತ್ತಿಕೊಳ್ಳಿ. ಎಂ.ಸಿ.ಯ ಅಗಲ 44 ಮಿ.ಮೀ.; ಡಿ.ಎಫ್.ಸಿ. 60 ಮಿ.ಮೀ. ಎತ್ತರ, 54 ಮಿ.ಮೀ. ಅಗಲ, ಸೇವಾಪದಕಗಳ ದುಂಡು ಬಿಲ್ಲೆ 36 ಮಿ.ಮೀ. ಗುಳಿ ಇರುವ ಪೆಟ್ಟಿಗೆಯಾದರೆ ಅಳೆದು ನೋಡಿ. ಪದಕ ಬಿಗಿಯಾಗಿ ಸಿಕ್ಕಿಕೊಳ್ಳಬಾರದು, ಗಲಗಲ ಅಲ್ಲಾಡಲೂಬಾರದು. 36 ಮಿ.ಮೀ. ದುಂಡು ಗುಳಿಯ ಮೇಲೆ ಶಿಲುಬೆ ತೇಲುತ್ತಿದ್ದರೆ ಅದು ಬೇರೆ ಪದಕದ ಮನೆ.

ಆಮೇಲೆ ಇಸವಿ. ಎಂ.ಸಿ. ಸ್ಥಾಪನೆಯಾದದ್ದು 1914ರ ಡಿಸೆಂಬರಿನಲ್ಲಿ. ಮೊದಲನೇ ಯುದ್ಧದ ಎಂ.ಸಿ.ಯ ಹಿಂಬದಿ ಖಾಲಿ. ಎರಡನೇ ಯುದ್ಧದ್ದರ ಹಿಂದೆ ಕೆಳತೋಳಿನಲ್ಲಿ ಇಸವಿ ಕೆತ್ತಿರುತ್ತದೆ, ಡಿ.ಎಫ್.ಸಿ.ಗೂ ಹಾಗೆಯೇ. 1938ರಿಂದ ಡಿ.ಎಸ್.ಒ.ಯಲ್ಲಿ ಇಸವಿ ಬರುವುದು ತೂಗುಪಟ್ಟಿಯ (ಪದಕವನ್ನು ರಿಬ್ಬನ್ನಿಗೆ ತೂಗುಹಾಕುವ ಅಡ್ಡ ಪಟ್ಟಿ) ಹಿಂದೆ. ಆರನೇ ಜಾರ್ಜನ ರಾಜಲಾಂಛನದಲ್ಲಿ ಮೊದಲು ಚಕ್ರವರ್ತಿ ಎಂದು ಸೂಚಿಸುವ ‘ಐ’ ಅಕ್ಷರವಿತ್ತು. ಭಾರತ ಸ್ವತಂತ್ರವಾದ ಮೇಲೆ, 1948ರ ನಂತರದ ಅಚ್ಚಿನಲ್ಲಿ ಅದು ಇಲ್ಲವಾಯಿತು. 1944ರ ಕಥೆ ಹೇಳುವ ಪದಕದಲ್ಲಿ ಆ ‘ಐ’ ಇಲ್ಲದಿದ್ದರೆ ಕಾರಣ ಕೇಳಿ.

ಓ.ಬಿ.ಇ.ಯ ವಿಷಯದಲ್ಲಿ ಪರೀಕ್ಷೆ ಇನ್ನೂ ನೇರ. 1917ರಲ್ಲಿ ಆರಂಭವಾದಾಗ ನಡುವಿನ ಬಿಲ್ಲೆಯಲ್ಲಿ ಕುಳಿತ ಬ್ರಿಟಾನಿಯಾ, ರಿಬ್ಬನ್ ನೇರಳೆ. 1937ರಿಂದ ಐದನೇ ಜಾರ್ಜ್ ಮತ್ತು ರಾಣಿ ಮೇರಿಯ ಜೋಡಿ ಮುಖ, ಗುಲಾಬಿ ಬಣ್ಣಕ್ಕೆ ಬೂದು ಅಂಚಿನ ರಿಬ್ಬನ್. ಸೈನಿಕ ವಿಭಾಗಕ್ಕೆ ನಡುವೆ ಒಂದು ಗೆರೆ ಹೆಚ್ಚು. ನಮ್ಮ ಕೊಡಗಿನ ಕಾರ್ಯಪ್ಪನವರ ಪೀಳಿಗೆಯ ಅಧಿಕಾರಿಗೆ ಎರಡನೇ ಯುದ್ಧದ ಸೇವೆಗಾಗಿ ಬಂದ ಓ.ಬಿ.ಇ. ಎಂದು ತೋರಿಸುವ ಪೆಟ್ಟಿಗೆಯಲ್ಲಿ ಬ್ರಿಟಾನಿಯಾ ಕೂತಿದ್ದರೆ ಆ ಜೋಡಿ ತಪ್ಪು. ಹಾಗೆಯೇ, ಬರ್ಮಾ ರಣರಂಗದಲ್ಲಿ ಡಿ.ಎಸ್.ಒ. ಪಡೆದ ತಿಮ್ಮಯ್ಯನವರ ಕಾಲದ ಪದಕ ಎಂದರೆ ತೂಗುಪಟ್ಟಿಯ ಹಿಂದೆ ಇಸವಿ ಇರಲೇಬೇಕು.

ಪಿನ್ನನ್ನೂ ಗಮನಿಸಿ. ದೊರೆಯ ಕೈಯಿಂದ ಪದಕ ಪಡೆಯುವಾಗ ಎದೆಯ ಕೊಕ್ಕೆಗೆ ಸಲೀಸಾಗಿ ಸಿಕ್ಕಿಸಲೆಂದು ರಿಬ್ಬನ್ ಮೇಲೆ ಒಂದು ಸರಳ ಪಿನ್ನು ಇರುತ್ತಿತ್ತು. ಅದು ಉಳಿದಿದ್ದರೆ, ಅದರ ತುಕ್ಕಿನ ಚುಕ್ಕೆ ಮಖಮಲ್ಲಿನಲ್ಲೂ ಇದ್ದರೆ, ಪದಕವೂ ಪೆಟ್ಟಿಗೆಯೂ ಒಟ್ಟಿಗೆ ಬಾಳಿವೆ ಎನ್ನಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಕಡಿಮೆ. ಪದಕ ಸಮವಸ್ತ್ರದ ಮೇಲೆ ಧರಿಸಲು ಇತರ ಪದಕಗಳೊಂದಿಗೆ ಸಾಲಾಗಿ ಹೊಲಿದಿದ್ದು, ಪೆಟ್ಟಿಗೆ ಹೊಸದರಂತಿದ್ದರೆ ಅನುಮಾನ ಬೇಡ. ಧರಿಸಿದವರ ಪೆಟ್ಟಿಗೆ ಖಾಲಿಯಾಗಿಯೇ ಕಪಾಟಿನಲ್ಲಿರುತ್ತಿತ್ತು. ಆದರೆ ಅಂಥ ಪೆಟ್ಟಿಗೆಯ ಹಾಸಿನಲ್ಲಿ ಆಳವಾದ ಪದಕದ ನೆರಳು ಇದ್ದರೆ, ಅದು ಯಾವ ಪದಕದ ನೆರಳು ಎಂಬ ಪ್ರಶ್ನೆ ಏಳುತ್ತದೆ.

ಕಾಗದಪತ್ರ

ಖುದ್ದು ಕೊಡಲಾಗದ್ದಕ್ಕೆ ವಿಷಾದಿಸಿ ಆರನೇ ಜಾರ್ಜ್ ಕಳುಹಿಸಿದ ಅಚ್ಚಿನ ಪತ್ರ ಎಷ್ಟೋ ಪೆಟ್ಟಿಗೆಗಳ ಜೊತೆ ಸಿಗುತ್ತದೆ. ಅದರ ಸಹಿ ಅಚ್ಚು ಮಾಡಿದ್ದು, ಸಾಮಾನ್ಯವಾಗಿ ಪಡೆದವರ ಹೆಸರೂ ಇರುವುದಿಲ್ಲ. ಹೀಗಾಗಿ ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಸುಲಭವಾಗಿ ಹಾರುತ್ತದೆ. ಅದನ್ನು ಅಲಂಕಾರವೆಂದು ತಿಳಿಯಿರಿ, ಪುರಾವೆ ಎಂದಲ್ಲ.

ಹೆಸರು ಹೇಳಿದರೆ ದಾಖಲೆಯಲ್ಲಿ ಹುಡುಕಿ. ಪ್ರಶಸ್ತಿಗಳು ಲಂಡನ್ ಗೆಜೆಟ್‌ನಲ್ಲಿ ಪ್ರಕಟವಾಗುತ್ತಿದ್ದವು, ಅದರ ಹಳೆಯ ಸಂಚಿಕೆಗಳು ಅಂತರ್ಜಾಲದಲ್ಲಿ ಹುಡುಕಲು ಸಿಗುತ್ತವೆ. ಎರಡನೇ ಯುದ್ಧದ ಸೇನಾ ಶಿಫಾರಸುಗಳು ಬ್ರಿಟನ್ನಿನ ರಾಷ್ಟ್ರೀಯ ದಾಖಲೆ ಸಂಗ್ರಹಾಲಯದ ಡಬ್ಲ್ಯು.ಓ. 373 ಸರಣಿಯಲ್ಲಿವೆ. ಭಾರತೀಯ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬಗೆಬಗೆಯಾಗಿ ಬರೆದಿರುವುದರಿಂದ ಹೆಸರಿಗಿಂತ ಪಡೆಯ ಹೆಸರು, ಸೈನಿಕ ಸಂಖ್ಯೆ ಹಿಡಿದು ಹುಡುಕುವುದು ಫಲ ಕೊಡುತ್ತದೆ. ಹೆಸರು ದಾಖಲೆಯಲ್ಲಿದೆ ಎಂದರೆ ಆ ವ್ಯಕ್ತಿಗೆ ಪ್ರಶಸ್ತಿ ಬಂತು ಎಂದಷ್ಟೇ ಸಾಬೀತು. ನಿಮ್ಮ ಮುಂದಿರುವುದು ಅದೇ ಪದಕ ಎಂದಲ್ಲ.

ರಟ್ಟಿನ ಡಬ್ಬಿಯ ವಿಳಾಸ ಚೀಟಿಯಲ್ಲಿ ಕಾಲದ ಎಡವಟ್ಟು ಹುಡುಕಿ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ಮೈಸೂರು ರಾಜ್ಯ ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಬಾಲ್ ಪೆನ್ನು ಬ್ರಿಟನ್ನಿನ ಅಂಗಡಿಗೆ ಬಂದದ್ದೇ 1945ರ ಹೊತ್ತಿಗೆ. ಮೊದಲನೇ ಯುದ್ಧದ ಡಬ್ಬಿಯ ಮೇಲೆ ಅದರ ಗೆರೆ ಇದ್ದರೆ ಆ ಬರಹ ನಂತರದ್ದು. ಬಾಲ್ ಪೆನ್ನಿನ ಗೆರೆ ಕಾಗದದಲ್ಲಿ ತಗ್ಗು ಮಾಡುತ್ತದೆ, ಲೂಪಿನಲ್ಲಿ ಶಾಯಿ ಗಂಟುಗಂಟಾಗಿ ಕಾಣುತ್ತದೆ.

ಮಾಡಬಾರದ್ದು

ನೂಲು ಸುಟ್ಟು ನೋಡುವ ಪರೀಕ್ಷೆ ಬೇಡ. ಪದಕಕ್ಕೆ ಬೆಳ್ಳಿ ಪಾಲಿಶ್ ಬೇಡ. ಪದಕದ ಕಪ್ಪಿಗೂ ಹಾಸಿನ ಕಲೆಗೂ ಇರುವ ಹೊಂದಿಕೆಯೇ ನಿಮ್ಮ ಸಾಕ್ಷಿ, ಒಮ್ಮೆ ಉಜ್ಜಿದರೆ ಮರಳಿ ಬರದು. ಬೂಷ್ಟು ಹಿಡಿದಿದ್ದರೆ ಒದ್ದೆ ಬಟ್ಟೆ ತಾಗಿಸದೆ, ನೆರಳಿನ ಗಾಳಿಯಲ್ಲಿ ಒಣಗಿಸಿ ಮೃದು ಕುಂಚದಿಂದ ತೆಗೆಯಿರಿ. ಗಟ್ಟಿಯಾದ ಕೀಲಿಗೆ ಎಣ್ಣೆ ಬಿಟ್ಟರೆ ಅದು ಸ್ಯಾಟಿನ್ನಿಗೆ ಹರಡುತ್ತದೆ.

ತೀರ್ಮಾನ ಬರೆಯುವುದು

‘ಅಸಲಿ’, ‘ನಕಲಿ’ ಎಂಬ ಎರಡೇ ಖಾನೆ ಇಟ್ಟುಕೊಂಡರೆ ಕಷ್ಟ. ನಾಲ್ಕು ಇರಲಿ: ಪದಕದ ಜೊತೆಗೇ ಬಂದದ್ದು, ಅದೇ ಕಾಲದ್ದು ಆದರೆ ಜೋಡಿಸಿದ್ದು, ನಂತರದ ಪೆಟ್ಟಿಗೆ, ಮೋಸಕ್ಕೆಂದೇ ಮಾಡಿದ್ದು. ಮೊದಲನೆಯದಕ್ಕೆ ಹಾಸಿನ ನೆರಳು, ಅಳತೆ, ಇಸವಿ ಮೂರೂ ಕೂಡಬೇಕು. ಎರಡು ಕೂಡಿ ಒಂದು ಮೌನವಾಗಿದ್ದರೆ ಎರಡನೇ ಖಾನೆಗೆ ಹಾಕುವುದು ಪ್ರಾಮಾಣಿಕ. ಮೂರರಲ್ಲಿ ಒಂದು ನೇರವಾಗಿ ವಿರೋಧಿಸಿದರೆ ಮಾರುವವರ ಮಾತಿನ ಮೇಲೆ ಖಾನೆ ಬದಲಿಸಬೇಡಿ.

ತಿಳಿದವರ ಅಭಿಪ್ರಾಯ ಕೇಳಲು ಚಿತ್ರ ಕಳುಹಿಸುವುದಾದರೆ ಮುಚ್ಚಿದ ಪೆಟ್ಟಿಗೆ, ತಳ, ಕೀಲಿನ ಬೆನ್ನು, ಪದಕ ತೆಗೆದ ಹಾಸು, ಸ್ಯಾಟಿನ್ ಅಕ್ಷರಗಳ ಹತ್ತಿರದ ಚಿತ್ರ, ಯುವಿ ಬೆಳಕಿನಲ್ಲಿ ತೆರೆದ ಪೆಟ್ಟಿಗೆ, ಪದಕದ ಎರಡೂ ಮುಖ ಇಷ್ಟಿರಲಿ, ಪಕ್ಕದಲ್ಲಿ ಮಿ.ಮೀ. ಅಳತೆಪಟ್ಟಿ ಇಡಿ. ಹೊರದೇಶಕ್ಕೆ ವಸ್ತುವನ್ನೇ ಕಳುಹಿಸುವ ಯೋಚನೆಯಿದ್ದರೆ ನಿಲ್ಲಿ: ಮೊದಲನೇ ಯುದ್ಧದ ಪದಕ, ಪೆಟ್ಟಿಗೆಗಳಿಗೆ ಈಗ ನೂರು ವರ್ಷ ದಾಟಿದೆ. ನೂರು ವರ್ಷ ಮೀರಿದ ಐತಿಹಾಸಿಕ ವಸ್ತುಗಳಿಗೆ 1972ರ ಪುರಾವಸ್ತು ಕಾಯ್ದೆ ಅನ್ವಯಿಸುತ್ತದೆ, ಖಾಸಗಿಯವರು ಅವನ್ನು ರಫ್ತು ಮಾಡುವಂತಿಲ್ಲ. ಎರಡನೇ ಯುದ್ಧದ್ದಾದರೂ ಕಳುಹಿಸುವ ಮೊದಲು ಭಾರತೀಯ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಯಿಂದ ‘ಪುರಾವಸ್ತುವಲ್ಲ’ ಎಂಬ ಪ್ರಮಾಣಪತ್ರ ಪಡೆದಿದ್ದರೆ ಕಸ್ಟಮ್ಸ್‌ನಲ್ಲಿ ಪೊಟ್ಟಣ ಸಿಕ್ಕಿಕೊಳ್ಳುವುದಿಲ್ಲ.